ಬೋರ್ಡಿಲ್ಲದ ಶೆಡ್ಡಿನಲ್ಲಿ ನಮ್ಮ ಹಳೆ ಜೆಟ್ ಸ್ಕೀ

ಮೊದಲೇ ಹೇಳಿಬಿಡುತ್ತೇನೆ. ಈ ರಿಪೇರಿ ಅಂಗಡಿಗೆ ಬೋರ್ಡಿಲ್ಲ, ಬಿಲ್ಲಿಲ್ಲ, ಫೋನ್ ಎತ್ತುವ ಅಭ್ಯಾಸವೂ ಇಲ್ಲ. ಗೋವಾದ ವಾಸ್ಕೋದಲ್ಲಿ ಖಾರಿವಾಡಾ ಮೀನು ಜೆಟ್ಟಿ ಕಡೆ ಬಂದು, ಬಲೆ ಹೊಲಿಯುವವರು ಕೂರುವ ಜಾಗ ದಾಟಿದರೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಹೊರಗೆ ಟ್ರಾಲರ್‌ಗಳ ಸೆಲ್ಫ್ ಮೋಟಾರ್‌ಗಳು ಸಾಲಾಗಿ ಬಿದ್ದಿರುತ್ತವೆ. ಅದನ್ನೇ ಬೋರ್ಡು ಅಂದುಕೊಳ್ಳಿ. ನಡೆಸುವವರು ಗದಗ ಕಡೆಯ ಹಿರಿಯರು. ಕೊಂಕಣಿ ಮಾತಾಡುವವರಿಗೂ ಅವರು ಕಾಕಾ, ನಮಗೂ ಕಾಕಾ.

ನಾನು ಅಂಕೋಲಾದವನು, ವಾಸ್ಕೋಕ್ಕೆ ಬಂದು ಹದಿನೆಂಟು ವರ್ಷ ಆಯಿತು. ಭಾವನಿಗೆ ನೀರಿನ ಹುಚ್ಚು ಜಾಸ್ತಿ. ಊರು ಬಿಟ್ಟು ಹೋಗುತ್ತಿದ್ದ ಒಬ್ಬರಿಂದ 1998ರ ಸೀ-ಡೂ ಜಿಎಸ್ಎಕ್ಸ್ ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಬೈಕು, ತಗೊಂಡ. ಇಬ್ಬರು ಕೂರುವ ಗಾಡಿ, ರೋಟಾಕ್ಸ್ ಟೂ-ಸ್ಟ್ರೋಕ್ ಎಂಜಿನ್. ಬಾಡಿಗೆಗೆ ಓಡಿಸುವುದಲ್ಲ, ನಮ್ಮ ಖುಷಿಗೆ ಮಾತ್ರ. ವಯಸ್ಸಿಗೆ ಹೋಲಿಸಿದರೆ ಎಂಜಿನ್ ಗಟ್ಟಿಯಾಗೇ ಇತ್ತು. ಕೈ ಕೊಟ್ಟಿದ್ದು ಟ್ರಿಮ್.

ಟ್ರಿಮ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಜೆಟ್ ಸ್ಕೀ ಹಿಂದಿನಿಂದ ನೀರು ಚಿಮ್ಮುವ ನಾಝಲ್ ಇರುತ್ತದಲ್ವಾ, ಅದನ್ನು ಸ್ವಲ್ಪ ಮೇಲೆ ಕೆಳಗೆ ಮಾಡುವ ವ್ಯವಸ್ಥೆ ಇದು. ಕೆಳಗೆ ಮಾಡಿದರೆ ಮೂತಿ ತಗ್ಗುತ್ತದೆ. ಅಲೆ ಇದ್ದಾಗ, ತಿರುಗಿಸುವಾಗ, ನಿಂತಲ್ಲಿಂದ ಎಳೆಯುವಾಗ ಹಾಗೇ ಬೇಕು. ಮೇಲೆ ಮಾಡಿದರೆ ಮೂತಿ ಏಳುತ್ತದೆ, ಶಾಂತ ನೀರಿನಲ್ಲಿ ಸ್ಪೀಡ್ ಸಿಗುತ್ತದೆ. ಹ್ಯಾಂಡಲ್ ಹತ್ತಿರ ಬಟನ್, ಹಲ್ (ಗಾಡಿಯ ದೋಣಿಯಂಥ ಒಡಲು) ಒಳಗೆ ಹಿಂಭಾಗದಲ್ಲಿ ಒಂದು ಪುಟ್ಟ ಡಿಸಿ ಮೋಟಾರ್. ಮೋಟಾರ್ ಗೇರ್ ತಿರುಗಿಸುತ್ತದೆ, ಗೇರ್ ಸ್ಕ್ರೂ ತಿರುಗಿಸುತ್ತದೆ, ಸ್ಕ್ರೂ ಒಂದು ರಾಡನ್ನು ಹಿಂದೆ ಮುಂದೆ ತಳ್ಳುತ್ತದೆ. ರಾಡ್ ಹಲ್‌ನಿಂದ ಹೊರಗೆ ಹೋಗುವ ತೂತಿನಲ್ಲಿ ನೀರು ಒಳಗೆ ಬರದ ಹಾಗೆ ರಬ್ಬರ್ ಬೆಲ್ಲೋಸ್, ಅಂದರೆ ಮಡಿಕೆ ಮಡಿಕೆಯ ಚೀಲ. ಕಾರಿನ ಕಿಟಕಿ ಮೋಟಾರ್ ಬಿಚ್ಚಿ ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ನಮ್ಮದು ಮೇಲೆ ಹೋಗಿ ಅಲ್ಲೇ ನಿಂತುಬಿಟ್ಟಿತ್ತು. ಬಟನ್ ಒತ್ತಿದರೆ ಎಲ್ಲೋ ಟಕ್ ಅನ್ನುತ್ತದೆ, ಅಷ್ಟೇ. ಸ್ವಲ್ಪ ಸ್ಪೀಡ್ ಕೊಟ್ಟರೆ ಮೂತಿ ಎದ್ದು ಬೀಳುವುದು, ಎದ್ದು ಬೀಳುವುದು, ಕಪ್ಪೆ ಕುಪ್ಪಳಿಸಿದ ಹಾಗೆ. ಭಾವನಿಗೆ ಸೊಂಟ ಹಿಡಿಯಿತು. ತಿರುಗಿಸಲು ಹೋದರೆ ಮೂತಿ ನೀರು ಕಚ್ಚದೆ ಜಾರುತ್ತಿತ್ತು. ಇದು ಬರೀ ಕಿರಿಕಿರಿ ಅಲ್ಲ, ಅಪಾಯವೂ ಹೌದು.

ಮೊದಲು ಹೋಗಿದ್ದು ಒಂದು ದೊಡ್ಡ ಸರ್ವಿಸ್ ಸೆಂಟರ್‌ಗೆ. ಎಸಿ ರೂಮು, ಒಳ್ಳೆ ಕಾಫಿ. ಹುಡುಗ ಬಟನ್ ಎರಡು ಸಲ ಒತ್ತಿ ನೋಡಿದ. "ಮಾಡ್ಯೂಲ್ ಹೋಗಿದೆ, ಮೋಟಾರೂ ಹೋಗಿರಬಹುದು, ಎರಡೂ ಹೊಸದು ಹಾಕೋಣ" ಅಂದ. ಮಾಡ್ಯೂಲ್ ಅಂದರೆ ಬಟನ್ ಮಾತು ಕೇಳಿ ಮೋಟಾರಿಗೆ ಕರೆಂಟ್ ಕೊಡುವ ಡಬ್ಬಿ. 52,000 ರೂಪಾಯಿ, ಸಾಮಾನು ಬರಲು ಎರಡು ತಿಂಗಳು. ವೋಲ್ಟ್ ಅಳೆಯುವ ಮೀಟರ್ ಕೈಗೆ ತಗೊಳ್ಳಲೇ ಇಲ್ಲ. ಗಾಡಿಯ ಬೆಲೆಯ ಅರ್ಧ ದುಡ್ಡು ಅದರ ಬಾಲಕ್ಕೇ ಕೊಡುವುದಾ ಮಾರಾಯ ಅಂತ ಭಾವ ಟ್ರೈಲರ್ ತಿರುಗಿಸಿದ.

ಕಾಕಾನ ಹೆಸರು ಹೇಳಿದ್ದು ನಮ್ಮ ಓಣಿಯ ಒಬ್ಬ ಟ್ರಾಲರ್ ತಾಂಡೇಲ, ಅಂದರೆ ದೋಣಿ ನಡೆಸುವವ. "ಅವರು ಜೆಟ್ ಸ್ಕೀ ಮುಟ್ಟಿದ್ದಾರೋ ಇಲ್ವೋ ಗೊತ್ತಿಲ್ಲ, ಆದರೆ ಉಪ್ಪುನೀರು ಕುಡಿದ ಮೋಟಾರ್ ಅಂದರೆ ಅವರೇ" ಅಂದ. ನಾವು ಹೋಗಿದ್ದು ಜೂನ್ ಎರಡನೇ ವಾರ. ಅದೇ ತಪ್ಪಾಯಿತು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳು ಕಡಲಿಗೆ ಇಳಿಯುವ ಹಾಗಿಲ್ಲ. ವರ್ಷದ ರಿಪೇರಿಯೆಲ್ಲ ಈ ಎರಡು ತಿಂಗಳಲ್ಲೇ ಆಗಬೇಕು. ಶೆಡ್ಡಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಮ್ಮ ಸರದಿ ಬರಲು ಮೂರು ವಾರ ಹಿಡಿಯಿತು. ನಾಲ್ಕು ಸಲ ಹೋಗಿ ಸುಮ್ನೆ ಮಿರ್ಚಿ ತಿಂದು ವಾಪಸ್ ಬಂದೆ. ಪಕ್ಕದ ಗಾಡಿಯ ಮಿರ್ಚಿ ಚೆನ್ನಾಗಿದೆ, ಅದಕ್ಕೂ ಒಂದು ಸ್ಟಾರ್ ಕೊಡುತ್ತೇನೆ.

ಸರದಿ ಬಂದ ದಿನ ಕಾಕಾ ಮಾಡಿದ ಮೊದಲ ಕೆಲಸ ನನಗೆ ಇಷ್ಟವಾಯಿತು. ಸ್ಪ್ಯಾನರ್ ಮುಟ್ಟಲಿಲ್ಲ. ಬ್ಯಾಟರಿಗೆ ಮೀಟರ್ ಹಿಡಿದರು, 12.6 ವೋಲ್ಟ್. ಆಮೇಲೆ ಹಿಂದೆ ಮೋಟಾರಿನ ಪ್ಲಗ್ ಬಿಚ್ಚಿ, ಹಲ್ ಕಡೆಯಿಂದ ಬರುವ ಎರಡು ವೈರಿಗೆ ಮೀಟರಿನ ಕಡ್ಡಿ ಚುಚ್ಚಿದರು. ನನ್ನನ್ನು ಬಟನ್ ಒತ್ತಲು ಕೂರಿಸಿದರು. ಮೇಲೆ ಒತ್ತಿದೆ, 12.3. ಕೆಳಗೆ ಒತ್ತಿದೆ, ಅದೇ 12.3, ಮುಂದೆ ಮೈನಸ್ ಗುರುತು.

"ನೋಡು ತಮ್ಮಾ, ಕರೆಂಟ್ ಇಲ್ಲೀತನಕ ಬರಾಕತ್ತೈತಿ. ಉಲ್ಟಾನೂ ಆಗಾಕತ್ತೈತಿ. ಬಟನ್ ಛಲೋ ಐತಿ, ಡಬ್ಬಿನೂ ಛಲೋ ಐತಿ. ಯಾರ ಹೇಳಿದ್ರು ಹೋಗೈತಿ ಅಂತ?"

ಡಬ್ಬಿ ಅಂದರೆ ಆ ಮಾಡ್ಯೂಲ್. ಎರಡೇ ನಿಮಿಷದ ಕೆಲಸ. ಅಲ್ಲಿಗೆ ಆ 52,000ದಲ್ಲಿ ದೊಡ್ಡ ಪಾಲು ಉಳಿಯಿತು.

ಮೋಟಾರ್ ಹೊರಗೆ ತೆಗೆಯುವುದೇ ಒಂದು ಗೋಳು. ಹಲ್ ಒಳಗೆ ತಲೆ ಕೆಳಗೆ ಮಾಡಿ, ಒಂದೇ ಕೈ ಹೋಗುವ ಸಂದಿಯಲ್ಲಿ, ಕಾಣದ ನಟ್ಟನ್ನು ಬೆರಳಿನಲ್ಲೇ ಹುಡುಕಬೇಕು. ಆ ಕೆಲಸ ಕಾಕಾನ ಹುಡುಗ ಮಾಡಿದ. ಹೊರಗೆ ಬಂದ ಮೇಲೆ ಎಲ್ಲ ಕಾಣಿಸಿತು. ಬೆಲ್ಲೋಸ್‌ನ ಒಂದು ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ನೀರು ರಾಡಿನ ಗುಂಟ ಒಳಗೆ ಹೋಗಿದೆ. ಕಳೆದ ವರ್ಷವೇ ಬದಲಿಸಬೇಕಿತ್ತು, ಬದಲಿಸದಿದ್ದದ್ದು ನಾನೇ. ಕವರ್ ಬಿಚ್ಚಿದರೆ ತಾಮ್ರದ ಹಸಿರು ಪುಡಿ ಉದುರಿತು. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಒಂದು ಕಾರ್ಬನ್ ಬ್ರಷ್ ತನ್ನ ಗೂಡಿನಲ್ಲೇ ಕಚ್ಚಿಕೊಂಡಿತ್ತು, ಸ್ಪ್ರಿಂಗ್ ತಳ್ಳಿದರೂ ಮುಂದೆ ಬರುತ್ತಿರಲಿಲ್ಲ. ಒಳಗೆ ತಿರುಗುವ ಆರ್ಮೇಚರನ್ನು ಬ್ರಷ್ ಮುಟ್ಟದಿದ್ದರೆ ಮೋಟಾರ್ ತಿರುಗುವುದು ಹೇಗೆ?

ಇಲ್ಲಿಂದ ಮುಂದಿನ ಒಂದು ಗಂಟೆ ನಾನು ಸ್ಟೂಲ್ ಮೇಲೆ ಕೂತು ನೋಡಿದೆ. ಕಾಕಾ ಆರ್ಮೇಚರನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡರು. ಕರ‍್ರಗಾದ ತಾಮ್ರದ ಉಂಗುರಕ್ಕೆ ಝೀರೋ ಪೇಪರಿನ (ನಯವಾದ ಉಜ್ಜುಕಾಗದ) ಪಟ್ಟಿ ಸುತ್ತಿ ನಿಧಾನ ತಿರುಗಿಸಿದರು. ಎಮರಿ ಬಟ್ಟೆ ಬೇಡವಾ ಅಂದೆ. ಅದರ ಪುಡಿ ಕರೆಂಟ್ ಹಾಯಿಸುತ್ತದೆ, ಸಂದಿಯಲ್ಲಿ ಕೂತರೆ ಶಾರ್ಟ್ ಅಂದರು. ತಾಮ್ರ ಹೊಸ ಬಿಂದಿಗೆಯ ಬಣ್ಣಕ್ಕೆ ಬಂತು. ಆಮೇಲೆ ಮುರಿದ ಹ್ಯಾಕ್ಸಾ ಬ್ಲೇಡಿನ ಚೂರು ತಗೊಂಡು, ಉಂಗುರದ ತಾಮ್ರದ ಪಟ್ಟಿಗಳ ನಡುವಿನ ಸಂದಿಯನ್ನು ಒಂದೊಂದಾಗಿ ಕೆರೆದರು. ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಈ ಅಳತೆಯ ಬ್ರಷ್ ಗೋವಾದಲ್ಲಿ ಸಿಗುವುದಿಲ್ಲ ಅಂತ ನನಗೆ ಆತಂಕ. ಅವರು ಹಳೆ ಬಿಸ್ಕತ್ ಡಬ್ಬಿಯಿಂದ ದೊಡ್ಡದೊಂದನ್ನು ಹುಡುಕಿ, ಅರ ಹಾಕಿ ಉಜ್ಜಿ, ಗೂಡಿಗೆ ಇಳಿಸಿ, ಮತ್ತೆ ಉಜ್ಜಿ, ಸರಾಗ ಜಾರುವ ತನಕ ಬಿಡಲಿಲ್ಲ. ಬ್ಯಾಟರಿಗೆ ನೇರ ಕೊಟ್ಟಾಗ ಮೋಟಾರ್ ಜುಯ್ಯ್ ಅಂತ ತಿರುಗಿತು. ವೈರ್ ಅದಲು ಬದಲು ಮಾಡಿದರೆ ಇನ್ನೊಂದು ಕಡೆಗೆ.

ಬೆಲ್ಲೋಸ್ ಮಾತ್ರ ಜುಗಾಡ್ ಮಾಡುವ ವಸ್ತು ಅಲ್ಲ. ಅಂಟು ಹಾಕಿದರೆ ಮುಂದಿನ ತಿಂಗಳು ಮತ್ತೆ ಇದೇ ಕಥೆ. ಮುಂಬೈನ ಒಬ್ಬ ಪಾರ್ಟ್ಸ್ ವ್ಯಾಪಾರಿಯಿಂದ ತರಿಸಿದೆ, 2,800 ರೂಪಾಯಿ, ಹನ್ನೆರಡು ದಿನ.

ಇನ್ನು ದೂರುಗಳು. ವೈರ್ ಜೋಡಿಸುವಾಗ ಕಾಕಾನ ಹುಡುಗ ತಿರುಚಿ ಕಪ್ಪು ಟೇಪ್ ಸುತ್ತಿಬಿಟ್ಟಿದ್ದ. ಮನೆಯ ಫ್ಯಾನಿಗೆ ಸರಿ, ಉಪ್ಪುನೀರಿಗೆ ಅಲ್ಲ. ನಾನು ಹಠ ಹಿಡಿದು ತವರ ಲೇಪದ ವೈರ್, ಒತ್ತಿ ಕೂರಿಸುವ ಕ್ರಿಂಪ್, ಬಿಸಿ ಮಾಡಿದರೆ ಬಿಗಿಯುವ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಹಾಕಿಸಿದೆ. ಕಾಕಾ ಒಪ್ಪಿದರು, ಆದರೆ ಮುಖ ಸ್ವಲ್ಪ ಊದಿತು. ಎರಡನೆಯದು ಇನ್ನೂ ಗಂಭೀರ. ಅದೇ ಹುಡುಗ ಎಂಜಿನ್ ತೊಳೆಯೋಣ ಅಂತ ಪೈಪ್ ಸಿಕ್ಕಿಸಿ ಮೊದಲು ನಲ್ಲಿ ತಿರುಗಿಸಲು ಹೋದ. ನಾನು ಕೂಗಿ ನಿಲ್ಲಿಸಿದೆ. ಈ ಹಳೆ ಎಂಜಿನ್‌ಗಳಲ್ಲಿ ಮೊದಲು ಎಂಜಿನ್ ಚಾಲೂ ಮಾಡಬೇಕು, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಎಂಜಿನ್. ಉಲ್ಟಾ ಮಾಡಿದರೆ ಎಕ್ಸಾಸ್ಟ್ ದಾರಿಯಲ್ಲಿ ನೀರು ಸಿಲಿಂಡರ್‌ಗೆ ಇಳಿಯುತ್ತದೆ. ಹಾಗಾಗಿ ಕರೆಂಟಿನ ಕೆಲಸಕ್ಕೆ ಇಲ್ಲಿಗೆ ಕಣ್ಣು ಮುಚ್ಚಿಕೊಂಡು ಹೋಗಿ. ಎಂಜಿನ್ ಕೆಲಸಕ್ಕೆ ಬೇಡ.

ಮತ್ತೊಂದು ವಿಷಯ, ಗಾಡಿಯ ಟ್ರಿಮ್ ಮೀಟರಿನ ಮುಳ್ಳು. ನಾಝಲ್ ಎಲ್ಲಿದೆ ಅಂತ ತೋರಿಸುವ ಸೆನ್ಸರ್ ಒಳಗೆ ಸವೆದಿದೆ. ಮುಳ್ಳು ನಡುವೆ ಒಂದು ಕಡೆ ಜಿಗಿಯುತ್ತದೆ. ಇದಕ್ಕೆ ಕಾಕಾನ ಹತ್ತಿರ ಮದ್ದಿಲ್ಲ. "ಮುಳ್ಳ ಯಾಕ ನೋಡ್ತಿ, ನೀರ ನೋಡು" ಅಂದರು. ಆದರೆ ಫಿಟ್ಟಿಂಗ್ ಮಾಡುವಾಗ ರಾಡಿನ ಉದ್ದ ಹೊಂದಿಸಿದ ರೀತಿ ಅಚ್ಚುಕಟ್ಟು. ಮೇಲಿನ ತುದಿಯಲ್ಲೂ ಕೆಳಗಿನ ತುದಿಯಲ್ಲೂ ನಾಝಲ್ ಎಲ್ಲೂ ತಗುಲದೆ ಒಂದಿಷ್ಟು ಜಾಗ ಉಳಿಯಬೇಕು. ತಗುಲಿದರೆ ಮೋಟಾರ್ ಒದ್ದಾಡಿ ಸುಡುತ್ತದೆ. ಮೂರು ಸಲ ಬಿಚ್ಚಿ, ಮೂರು ಸಲ ಹಾಕಿದರು.

ಕಾಕಾನ ಲೆಕ್ಕ ಸಿಗರೇಟ್ ಪ್ಯಾಕಿನ ಹಿಂಭಾಗದಲ್ಲಿ: ಬ್ರಷ್ 250, ಮೋಟಾರಿನ ದಂಡ ತಿರುಗುವ ಬುಷ್ 350, ವೈರು ಮತ್ತು ಹೀಟ್ ಶ್ರಿಂಕ್ 600, ಕೂಲಿ 2,200. ಒಟ್ಟು 3,400. ಬೆಲ್ಲೋಸ್ ಸೇರಿಸಿದರೆ 6,200. ನಗದು ಮಾತ್ರ. ಐದು ಸ್ಟಾರಿಗೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ನಲ್ಲಿಗೆ.

ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿದ ಮೇಲೆ ಗಾಡಿಯನ್ನು ಟ್ರೈಲರ್ ಮೇಲೆ ಇದ್ದ ಹಾಗೇ ಅರ್ಧ ನೀರಿಗೆ ಇಳಿಸಿ, ಸೀಟ್ ತೆಗೆದು, ಟಾರ್ಚ್ ಹಿಡಿದು ಹತ್ತು ನಿಮಿಷ ನೋಡಿದೆವು. ರಾಡಿನ ಹತ್ತಿರ ಒಂದು ಹನಿಯೂ ಇಲ್ಲ. ಆಮೇಲೆ ಜುವಾರಿ ನದಿಯ ಕಡೆ ಹೊರಟೆವು. ಭಾವ ಬಟನ್ ಕೆಳಗೆ ಒತ್ತಿದ, ಮೂತಿ ಇಳಿಯಿತು, ಗಾಡಿ ಚಾಪೆ ಹಾಸಿದ ಹಾಗೆ ಹೋಯಿತು. ಹಿಂದೆ ಕೂತಿದ್ದ ನನಗೆ ಮೊದಲ ಸಲ ಕನ್ನಡಕ ಹಿಡಿದುಕೊಳ್ಳುವ ಕೆಲಸ ಬೀಳಲಿಲ್ಲ.

ಈಗ ಹಲ್ ಒಳಗಿನ ನೀರು ಹೊರಗೆ ಹಾಕುವ ಬಿಲ್ಜ್ ಪಂಪಿನ ಮೋಟಾರ್ ಸದ್ದು ಮಾಡುತ್ತಿದೆ. ಅದನ್ನೂ ಕಾಕಾನ ಶೆಡ್ಡಿನಲ್ಲಿ ಬಿಟ್ಟು ಬಂದಿದ್ದೇನೆ. ಎಂಟು ದಿನ ಆಯಿತು. ಫೋನ್ ಮಾಡುತ್ತಲೇ ಇದ್ದೇನೆ, ರಿಂಗ್ ಆಗುತ್ತಲೇ ಇದೆ.