ಗುಳೆಯೋ, ಊರಲ್ಲೇ ಖಾತ್ರಿಯೋ: ಯಾದಗಿರಿಯ ಲೆಕ್ಕಾಚಾರ

ಬಡತನದ ಪಟ್ಟಿಗಳಲ್ಲಿ ಯಾದಗಿರಿ ಜಿಲ್ಲೆ ರಾಜ್ಯದ ಕೊನೆಯ ಸಾಲಿನಲ್ಲೇ ಇದೆ. ಹತ್ತಿ ಬಿಡಿಸಿ ಮುಗಿದ ಮೇಲೆ ಮಳೆಯಾಶ್ರಿತ ಹೊಲದಲ್ಲಿ ಕೂಲಿ ಇರೋದಿಲ್ಲ. ಆಗ ಎದುರಿಗಿರೋದು ಎರಡೇ ದಾರಿ: ಊರಲ್ಲೇ ಉದ್ಯೋಗ ಖಾತ್ರಿ, ಇಲ್ಲವೇ ಬೆಂಗಳೂರಿಗೆ ಗುಳೆ.

ಖಾತ್ರಿಯಲ್ಲಿ 2025-26ರ ದಿನಗೂಲಿ 370 ರೂಪಾಯಿ, ಹೆಣ್ಣಿಗೂ ಗಂಡಿಗೂ ಒಂದೇ. ಆ ವರ್ಷದ ಮಿತಿ ಇಡೀ ಮನೆಗೆ 100 ದಿನ. ಪೂರ್ತಿ ಸಿಕ್ಕರೂ 37,000 ರೂಪಾಯಿ, ಅಷ್ಟೇ. ಪೂರ್ತಿ ಸಿಗೋದೇ ಅಪರೂಪ, ಅದು ಬೇರೆ ಮಾತು. ಕೆಲಸ ಬೇಕೆಂದು ಪಂಚಾಯಿತಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಬರೀ ಬಾಯಿಮಾತಲ್ಲಿ ಕೇಳಿದರೆ ಕೈಯಲ್ಲಿ ದಾಖಲೆ ಇರೋದಿಲ್ಲ.

ಬೆಂಗಳೂರಿನ ಗಾರೆ ಕೆಲಸದಲ್ಲಿ ದಿನಗೂಲಿ ಹೆಚ್ಚು. ಆದರೆ ಹೆಣ್ಣಾಳಿಗೆ ಕಡಿಮೆ, ಮಳೆ ಬಂದ ದಿನ ಕೂಲಿಯಿಲ್ಲ, ತಗಡಿನ ಶೆಡ್ಡಿನ ವಾಸ. ಮೇಸ್ತ್ರಿಯ ಮುಂಗಡ ತೀರುವವರೆಗೆ ಕೈಗೆ ಬರೋದು ಬರೀ ಖರ್ಚಿಗೆ. ಪಡಿತರ ಅಲ್ಲೂ ಸಿಗುತ್ತದೆ. ವರ್ಷಕ್ಕೆ 90 ದಿನ ದುಡಿದವರು ಕಟ್ಟಡ ಕಾರ್ಮಿಕರ ಕಾರ್ಡೂ ಮಾಡಿಸಬಹುದು.

ನನ್ನ ಪ್ರಕಾರ, ತಲೆಮೇಲೆ ಬಡ್ಡಿಸಾಲ ಇದ್ದರೆ ಖಾತ್ರಿಯ ದುಡ್ಡು ಸಾಲದು, ಒಬ್ಬರು ಹೋಗಲೇಬೇಕು. ಆದರೆ ಶಾಲೆಗೆ ಹೋಗುವ ಮಕ್ಕಳಿದ್ದರೆ ಇಡೀ ಸಂಸಾರ ಕಟ್ಟಿಕೊಂಡು ಹೊರಡಬೇಡಿ.