ಅಮ್ಮನ ಮಂಡಿಗೆ ಯಾವ ಪಾರ್ಕ್ ಸರಿ?

ಅಮ್ಮನ ಮಂಡಿ ನೋವಿಗೆ ಡಾಕ್ಟರು ದಿನಾ ನಡೆಯಿರಿ ಅಂದರು. ಬೆಂಗಳೂರಿನಲ್ಲಿ ಎಲ್ಲಿ ನಡೆಯಬೇಕು ಅಂತ ಹೇಳಲಿಲ್ಲ. ಹಾಗಾಗಿ ನಾಲ್ಕು ಜಾಗ ನೋಡಿದೆವು. ಮನೆ ಹತ್ತಿರದ ಬಡಾವಣೆ ಪಾರ್ಕ್, ಜಕ್ಕೂರು ಕೆರೆ, ಲಾಲ್‌ಬಾಗ್, ಕಬ್ಬನ್ ಪಾರ್ಕ್. ಹೂವು, ಕಾರಂಜಿಗೆಲ್ಲ ನಾನು ಅಂಕ ಕೊಟ್ಟಿಲ್ಲ. ನೆಲ ಹೇಗಿದೆ, ಸುಸ್ತಾದರೆ ಕೂರಲು ಜಾಗ ಇದೆಯಾ, ಗೇಟಿನವರೆಗೆ ಹೋಗುವುದು ಎಷ್ಟು ಕಷ್ಟ, ಇಷ್ಟೇ ನೋಡಿದ್ದು.

ಹತ್ತಿರ ಇರುವುದೇ ಗೆಲ್ಲಬೇಕಿತ್ತು, ಅಲ್ವಾ? ಈಚೆಗೆ ನಮ್ಮ ಪಾರ್ಕಿನ ಅಭಿವೃದ್ಧಿ ಆಯಿತು. ಗೇಟಿಗೆ ಕಮಾನು ಬಂತು. ಓಪನ್ ಜಿಮ್ ಬಂತು. ಚೆನ್ನಾಗಿದ್ದ ಮಣ್ಣಿನ ದಾರಿ ಹೋಗಿ ಇಂಟರ್‌ಲಾಕ್ ಟೈಲ್ಸ್ ಬಂದವು. ಮರದ ಬುಡದವರೆಗೂ ಹಾಗೆ ಮುಚ್ಚಿದರೆ ಬೇರು ಗಾಳಿ, ನೀರು ಹುಡುಕಿಕೊಂಡು ಮೇಲಕ್ಕೇ ಬರುತ್ತದೆ. ಈಗ ಹೊಂಗೆ ಮರಗಳ ಕೆಳಗೆ ಒಂದು ಟೈಲು ಮೇಲೆ, ಇನ್ನೊಂದು ಕೆಳಗೆ. ಮಂಡಿ ಗಟ್ಟಿ ಇರುವವರಿಗೆ ಇದು ಕಾಣುವುದೇ ಇಲ್ಲ. ಅಮ್ಮ ಮಾತ್ರ ತಲೆ ಎತ್ತದೆ ನೆಲ ನೋಡಿಕೊಂಡೇ ನಡೆಯುತ್ತಾರೆ. ಮಳೆಗಾಲದಲ್ಲಿ ಪಾಚಿ ಬೇರೆ. ಶೌಚಾಲಯ ಕಟ್ಟಿದ್ದಾರೆ, ಜೊತೆಗೆ ಬೀಗವನ್ನೂ ಹಾಕಿದ್ದಾರೆ. 2024ರಲ್ಲಿ ನಗರದ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುತ್ತೇವೆ ಅಂತ ಘೋಷಣೆ ಆಗಿತ್ತು. ನಮ್ಮ ಗೇಟಿನ ಕಾವಲುಗಾರರಿಗೆ ಆ ಸುದ್ದಿ ಇನ್ನೂ ತಲುಪಿದ ಹಾಗಿಲ್ಲ.

ಜಕ್ಕೂರು ಕೆರೆ ನಮಗೆ ಆಟೋ ದೂರ. ಸುಮಾರು 160 ಎಕರೆ. ಇಲ್ಲಿ ಆದ ಕೆಲಸ ನನಗೆ ನಿಜಕ್ಕೂ ಇಷ್ಟ. ಕೊಳಚೆ ನೀರನ್ನು ಮೊದಲು ಘಟಕದಲ್ಲಿ ಶುದ್ಧ ಮಾಡುತ್ತಾರೆ. ಆಮೇಲೆ ಅದು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಕಮಾನಿಗೆ ಸಿಗುವಷ್ಟು ಹೆಸರು ಈ ಜೌಗಿಗೆ ಸಿಗುವುದಿಲ್ಲ, ಆದರೆ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಬರುವುದು ಇಂಥ ನೀರಿಗೇ. ದಾರಿ ಮಣ್ಣಿನದು, ಕಾಲಿಗೆ ಮೆತ್ತಗೆ. ತೊಂದರೆ ಏನೆಂದರೆ ಏರಿಯ ಮೇಲೆ ನೆರಳು ಕಡಿಮೆ. ಎಂಟು ಗಂಟೆಯ ನಂತರ ಬಿಸಿಲು ನೇರ ಮುಖಕ್ಕೆ. ಒಂದು ಸುತ್ತು ಪೂರ್ತಿ ಹಾಕುವುದು ಅಮ್ಮನಿಂದ ಆಗದ ಮಾತು. ಅರ್ಧಕ್ಕೆ ಸುಸ್ತಾದರೆ ಮುಂದೆ ಹೋಗುವುದೂ ದೂರ, ವಾಪಸ್ ಬರುವುದೂ ದೂರ.

ಉಳಿದೆರಡಕ್ಕೂ ಮೆಜೆಸ್ಟಿಕ್‌ವರೆಗೆ ಬಸ್ಸು, ಅಲ್ಲಿಂದ ಮೆಟ್ರೊ. ಬಸ್ಸಿನಲ್ಲಿ ಅಮ್ಮನಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಹಾಗಾಗಿ ಹೊರಡುವ ಉತ್ಸಾಹ ಅವರಿಗೇ ಜಾಸ್ತಿ. ಹಸಿರು ಮಾರ್ಗದಲ್ಲಿ ನಾಲ್ಕನೆಯ ನಿಲ್ದಾಣ ಲಾಲ್‌ಬಾಗ್. ನೇರಳೆ ಮಾರ್ಗದಲ್ಲಿ ಮೂರನೆಯದು ಕಬ್ಬನ್ ಪಾರ್ಕ್. ಎರಡೂ ಕಡೆ ಲಿಫ್ಟ್ ಇದೆ.

ಲಾಲ್‌ಬಾಗಿನ 240 ಎಕರೆಯಲ್ಲಿ ಅಮ್ಮನಿಗೆ ಹಿಡಿಸಿದ್ದು 1889ರ ಗಾಜಿನ ಮನೆಯೂ ಅಲ್ಲ, 300 ಕೋಟಿ ವರ್ಷದ ಬಂಡೆಯೂ ಅಲ್ಲ. ಬಂಡೆ ಹತ್ತುವ ಮಾತೇ ಬೇಡ ಅಂದರು. ಹಿಡಿಸಿದ್ದು ಹಿಂದೆ ತಿರುಗಿ ನೋಡದೆ ನಡೆಯಬಹುದು ಅನ್ನುವುದು. ಒಳಗಿನ ದಾರಿಗಳಲ್ಲಿ ಸ್ಕೂಟರ್ ಇಲ್ಲ, ಹಾರ್ನ್ ಇಲ್ಲ. ಬೆಳಿಗ್ಗೆ ಬೇಗ ಹೋದರೆ ವಾಕಿಂಗ್ ಮಾಡುವವರಿಗೆ ಟಿಕೆಟ್ಟೂ ಇಲ್ಲ. ತೀರಾ ಸುಸ್ತಾದರೆ ಬ್ಯಾಟರಿ ಗಾಡಿ ಇದೆ, ಆದರೆ ಅದು ಓಡುವ ಹೊತ್ತಿಗೆ ನಮ್ಮ ನಡಿಗೆ ಮುಗಿದಿರುತ್ತದೆ. ಅಲ್ಲಲ್ಲಿ ಏರು ತಗ್ಗು ಇರುವುದು ಒಂದೇ ಕೊರತೆ.

ನನ್ನ ಓಟು ಕಬ್ಬನ್ ಪಾರ್ಕಿಗೆ, ಅದೂ ಭಾನುವಾರಕ್ಕೆ ಮಾತ್ರ. ಅವತ್ತು ಒಳಗೆ ವಾಹನ ಬಿಡುವುದಿಲ್ಲ. ವಾರದ ದಿನಗಳಲ್ಲಿ ಪಾರ್ಕನ್ನು ಸೀಳಿಕೊಂಡು ಹೋಗುವ ರಸ್ತೆಗಳಲ್ಲಿ ಕಾರು ಓಡುತ್ತವೆ. ಮರದ ನೆರಳಿನಲ್ಲಿದ್ದರೂ ಅದು ರಸ್ತೆ ದಾಟುವ ಕೆಲಸವೇ. ಭಾನುವಾರ ಅದೇ ಡಾಂಬರು ರಸ್ತೆ ಪೂರ್ತಿ ನಮ್ಮದು. ಅಗಲ, ಸಮತಟ್ಟು. ನಾಯಿ, ಸೈಕಲ್ಲು, ಮಕ್ಕಳು ಎಲ್ಲರೂ ಹಿಡಿಸುತ್ತಾರೆ. ಇದಕ್ಕೆ ಹೊಸ ಟೈಲ್ಸೂ ಬೇಕಾಗಲಿಲ್ಲ, ಟೆಂಡರೂ ಬೇಕಾಗಲಿಲ್ಲ. ಸುಮ್ನೆ ಬ್ಯಾರಿಕೇಡ್ ಅಡ್ಡ ಇಟ್ಟರು, ಅಷ್ಟೇ. 1870ರ ಈ ಪಾರ್ಕಿಗೆ ಈಚೆಗೆ ಆದ ದೊಡ್ಡ ಸುಧಾರಣೆ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಬಿದಿರು ಮೆಳೆಯ ಪಕ್ಕ ಹತ್ತು ನಿಮಿಷ ಕೂತು, ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯದವರೆಗೆ ಹೋಗಿ ಬಂದರೆ ಅಮ್ಮನ ಕೋಟಾ ಮುಗಿಯಿತು.

ಅಮ್ಮನದು ಮಾತ್ರ ಈಗಲೂ ಲಾಲ್‌ಬಾಗೇ. ದಿನಾ ಅಷ್ಟು ದೂರ ಹೋಗಲು ಆಗುವುದಿಲ್ಲ, ಹಾಗಾಗಿ ವಾರದ ದಿನಗಳಲ್ಲಿ ಅದೇ ಟೈಲ್ಸ್ ಪಾರ್ಕೇ ಗತಿ. ಮರಗಳ ಬುಡದ ಟೈಲ್ಸನ್ನಾದರೂ ತೆಗೆದು ಮಣ್ಣು ಹಾಕಿಕೊಡಿ ಅಂತ ಅರ್ಜಿ ಕೊಟ್ಟಿದ್ದೇವೆ. ನೀವು ಹೋಗುವುದಾದರೆ ಒಂದು ಮಾತು: ಆಗಸ್ಟ್ 15 ಮತ್ತು ಜನವರಿ 26ರ ಆಸುಪಾಸು ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ. ಮಂಡಿ ನೋವಿನವರನ್ನು ಆ ದಿನಗಳಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಬೇಡಿ.