50 ಕೆಜಿ ಸ್ಪ್ರಿಂಗ್ ಕಾಟಾ: ನಾಲ್ಕು ತಿಂಗಳು ಬಳಸಿದ ಮೇಲೆ

ವಿಜಯಪುರದ ಎಲ್‌ಬಿಎಸ್ ಮಾರ್ಕೆಟ್ ಹತ್ತಿರ ಈ ಕಾಟಾ ತಗೊಂಡು ನಾಲ್ಕು ತಿಂಗಳಾಯಿತು. ನಮ್ಮ ತೋಟ ತಿಕೋಟಾ ಕಡೆ. ಶೆಡ್‌ನಲ್ಲಿ ಕರೆಂಟ್ ನೆಚ್ಚುವ ಹಾಗಿಲ್ಲ, ಒಣದ್ರಾಕ್ಷಿ ಬಾಕ್ಸ್ 15 ಕೆಜಿ ಇದೆಯೋ ಇಲ್ಲವೋ ಅಂತ ನಾವೇ ಒಮ್ಮೆ ನೋಡಿಕೊಳ್ಳಬೇಕು, ಅದಕ್ಕೆ ಬ್ಯಾಟರಿ ಬೇಡದ್ದೇ ಬೇಕಿತ್ತು.

ತಂದ ದಿನವೇ ಬೇವಿನ ಟೊಂಗೆಗೆ ಕಟ್ಟಿ ಪರೀಕ್ಷೆ ಮಾಡಿದೆ. ಖಾಲಿ ಪ್ಲಾಸ್ಟಿಕ್ ಕೊಡ ತೂಗುಹಾಕಿ, ಮೇಲಿನ ನಟ್ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದು, ಲೀಟರ್ ಬಾಟಲಿಯಲ್ಲಿ ಅಳೆದು ಅಳೆದು ನೀರು ಹಾಕಿದೆ. ಒಂದು ಲೀಟರ್ ಅಂದರೆ ಹೆಚ್ಚುಕಡಿಮೆ ಒಂದು ಕೆಜಿ, ಅಲ್ವಾ. 5 ಲೀಟರ್‌ಗೆ ಮುಳ್ಳು 9 ಮಿಲಿಮೀಟರ್ ಇಳಿಯಿತು, 10ಕ್ಕೆ 18, 15ಕ್ಕೆ 27. ರಾಬರ್ಟ್ ಹುಕ್ 1678ರಲ್ಲಿ ಹೇಳಿದ್ದು ಇದನ್ನೇ: ಎಷ್ಟು ಎಳೆತವೋ ಅಷ್ಟು ಹಿಗ್ಗು. ಗೆರೆಗಳು ಸಮ ಅಂತರದಲ್ಲಿ ಇರುವುದೂ ಅದಕ್ಕೇ. ಇನ್ನೊಂದು ಮಾತು, ಸ್ಪ್ರಿಂಗ್ ಉದ್ದ ಆದಾಗ ತಂತಿ ಉದ್ದ ಆಗುತ್ತದೆ ಅಂತ ಸುಮಾರು ಜನ ತಿಳಿದಿರುತ್ತಾರೆ. ನಿಜವಾಗಿ ತಂತಿ ಒಳಗೊಳಗೇ ತಿರುಚಿಕೊಳ್ಳುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಸುರುಳಿ ಅಷ್ಟೇ ಇಟ್ಟು ತಂತಿ ಮಾತ್ರ ಎರಡರಷ್ಟು ದಪ್ಪ ಮಾಡಿದರೆ ಸ್ಪ್ರಿಂಗ್ 16 ಪಟ್ಟು ಬಿಗಿಯಾಗುತ್ತದೆ!

ನನಗೆ ಜಾಸ್ತಿ ಹಿಡಿಸಿದ್ದು ಒಳಗಿನ ತಡೆ. 50 ದಾಟಿದರೆ ಸರಳು ಅಲ್ಲೇ ನಿಲ್ಲುತ್ತದೆ. ಹಳೆಯ ಕಾಟಾಕ್ಕೆ ಅದು ಇರಲಿಲ್ಲ, ಮನೆಯಲ್ಲಿ ಯಾರೋ 80 ಕೆಜಿ ಜೋಳದ ಚೀಲ ಹಾಕಿಬಿಟ್ಟರು. ಚೀಲ ಇಳಿಸಿದ ಮೇಲೂ ಮುಳ್ಳು 2 ಕೆಜಿ ಹತ್ತಿರ ನಿಂತಿತ್ತು. ಉಕ್ಕು ಒಂದು ಮಿತಿಯವರೆಗೆ ಹಿಂದಕ್ಕೆ ಬರುತ್ತದೆ, ಅದು ದಾಟಿದರೆ ಒಳಗಿನ ಹರಳುಗಳ ಪದರ ಜಾರಿಬಿಡುತ್ತದೆ, ಮತ್ತೆ ಮೊದಲಿನ ಜಾಗಕ್ಕೆ ಬರುವುದಿಲ್ಲ. ನಟ್ ತಿರುಗಿಸಿ ಸೊನ್ನೆ ತೋರಿಸಬಹುದು, ಆದರೆ ಆ ಕಾಟಾ ನಂಬಲು ನನಗೆ ಮನಸ್ಸಾಗಲಿಲ್ಲ.

ಕೊರತೆ ಇದೆ. ಕಾಲು ಕೆಜಿ ವ್ಯತ್ಯಾಸಕ್ಕೆ ಮುಳ್ಳು ಅರ್ಧ ಮಿಲಿಮೀಟರ್ ಕೂಡ ಸರಿಯುವುದಿಲ್ಲ, ಕಣ್ಣಿಗೆ ಕಷ್ಟ. ಇದೇ ಉದ್ದದ 100 ಕೆಜಿ ಕಾಟಾ ತಗೊಂಡರೆ ಅದರ ಅರ್ಧ. ಸಣ್ಣ ತೂಕಕ್ಕೆ ಅದು ಬೇಡವೇ ಬೇಡ. ಇದಕ್ಕೆ ಮಾಪನ ಇಲಾಖೆಯ ಮುದ್ರೆಯೂ ಇಲ್ಲ, ಹಾಗಾಗಿ ಮಾರುವಾಗ ಇದರಲ್ಲಿ ತೂಗುವುದಿಲ್ಲ, ಮನೆಯ ಲೆಕ್ಕಕ್ಕೆ ಮಾತ್ರ.

ಬಾಕ್ಸ್ ಕಾಟಾಕ್ಕೆ ನೇತುಹಾಕಿ ಹಾಗೇ ಬಿಟ್ಟು ಹೋಗಬೇಡಿ. ನಾವು ರಾತ್ರಿ ಖಾಲಿ ಕಾಟಾ ಮೊಳೆಗೆ ಹಾಕುತ್ತೇವೆ, ಬೆಳಿಗ್ಗೆ ಮೊದಲು ಸೊನ್ನೆ ನೋಡುತ್ತೇವೆ. ಇಲ್ಲಿಯವರೆಗೆ ಮುಳ್ಳು ಗೆರೆ ಬಿಟ್ಟಿಲ್ಲ.